ಮತದಾರರ ಗುರುತಿನ ಚೀಟಿ ಉಚಿತ. ಆದರೆ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ?

ಮತದಾರರ ಗುರುತಿನ ಚೀಟಿಗೆ ಎಷ್ಟು ಹಣ ಕಟ್ಟಬೇಕು ಎಂದು ಕೇಳುವವರು ನಮ್ಮ ಸಮಾಜದಲ್ಲಿ ಈಗಲೂ ಇದ್ದಾರೆ. ಹೊಸದಾಗಿ ಹೆಸರು ಸೇರಿಸಿದವರಿಗೆ ಚುನಾವಣಾ ಆಯೋಗ ಕೊಡುವ ಕಾರ್ಡ್ ಉಚಿತ. ಅರ್ಜಿಗೆ ಶುಲ್ಕವಿಲ್ಲ, ಅಂಚೆಗೆ ಶುಲ್ಕವಿಲ್ಲ, ಮನೆಗೆ ಬಂದು ವಿಚಾರಿಸುವ ಮತಗಟ್ಟೆ ಮಟ್ಟದ ಅಧಿಕಾರಿಗೂ (ನಾವೆಲ್ಲ ಬಿಎಲ್‌ಒ ಎನ್ನುತ್ತೇವೆ) ಒಂದು ಪೈಸೆ ಕೊಡಬೇಕಿಲ್ಲ. ಹೀಗಿದ್ದೂ ಸೈಬರ್ ಅಂಗಡಿಯಲ್ಲಿ ನೂರು, ಇನ್ನೂರು ಕೊಟ್ಟು ಬರುವವರೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ. ಕಂಪ್ಯೂಟರ್ ಮುಂದೆ ಕುಳಿತು ನಮ್ಮ ಕೆಲಸ ಮಾಡಿಕೊಟ್ಟವನಿಗೆ ಕೂಲಿ ಸಲ್ಲಬೇಕು, ನಾವೂ ವ್ಯಾಪಾರಸ್ಥರೇ. ತೊಂದರೆ ಇರುವುದು ಬೇರೆಡೆ. ಕೊಟ್ಟ ಹಣ ಸರ್ಕಾರದ ಫೀ ಎಂದು ಜನ ತಿಳಿಯುತ್ತಾರೆ. ಪ್ಲಾಸ್ಟಿಕ್ ಕಾರ್ಡ್ ಕೈಗೆ ಬಂದ ಕೂಡಲೇ ಕೆಲಸ ಮುಗಿಯಿತು ಎಂದು ಪರ್ಸಿನಲ್ಲಿಟ್ಟು ಐದು ವರ್ಷ ಮರೆಯುತ್ತಾರೆ.

ಸೈಬರ್ ಅಂಗಡಿಯವನು ಎಷ್ಟೋ ಸಲ ಕೊಡುವುದು ಆಯೋಗದ ಕಾರ್ಡ್ ಅಲ್ಲವೇ ಅಲ್ಲ. 2021ರ ಜನವರಿ 25ರಂದು, ರಾಷ್ಟ್ರೀಯ ಮತದಾರರ ದಿನ, ಇ-ಎಪಿಕ್ ಎಂಬ ವ್ಯವಸ್ಥೆ ಬಂತು. ಮತದಾರ ತನ್ನ ಕಾರ್ಡನ್ನು ಪಿಡಿಎಫ್ ರೂಪದಲ್ಲಿ ಮೊಬೈಲಿಗೆ ಇಳಿಸಿಕೊಳ್ಳಬಹುದು. ಅದಕ್ಕೂ ಹಣವಿಲ್ಲ. ಅಂಗಡಿಯವನು ಅದನ್ನೇ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ ಕೊಡುತ್ತಾನೆ. ಇನ್ನೊಂದು ಸೂಕ್ಷ್ಮವಿದೆ. ಅರ್ಜಿ ತುಂಬುವಾಗ ಎಷ್ಟೋ ಕಡೆ ಅಂಗಡಿಯವನ ಮೊಬೈಲ್ ನಂಬರನ್ನೇ ಹಾಕಿರುತ್ತಾರೆ. ಆಮೇಲೆ ಇ-ಎಪಿಕ್ ಇಳಿಸಲು ಹೋದರೆ ಒಟಿಪಿ ಹೋಗುವುದು ಅವನ ಫೋನಿಗೆ. ಕಾರ್ಡ್ ಯಾವ ಹಂತದಲ್ಲಿದೆ ಎಂಬ ಸಂದೇಶವೂ ಅವನಿಗೇ. ಅವನೇನೂ ಕೆಟ್ಟವನಲ್ಲ, ದಿನಕ್ಕೆ ಐವತ್ತು ಅರ್ಜಿ ಹಾಕುವವನು ಯಾರ ಸಂದೇಶವನ್ನು ಯಾರಿಗೆ ತಲುಪಿಸುತ್ತಾನೆ? ಆದ್ದರಿಂದ ಅರ್ಜಿ ಯಾರೇ ತುಂಬಲಿ, ಮೊಬೈಲ್ ನಂಬರ್ ಮಾತ್ರ ಮನೆಯವರದೇ ಇರಬೇಕು.

ಇಷ್ಟು ಹೇಳಿ ಮುಖ್ಯ ವಿಷಯಕ್ಕೆ ಬರುತ್ತೇನೆ. ವ್ಯಾಪಾರ ಮಾಡಿದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕಾರ್ಡ್ ಎಂಬುದು ರಸೀದಿ ಇದ್ದಂತೆ, ಮತದಾರರ ಪಟ್ಟಿ ಖತಾವಣಿ ಇದ್ದಂತೆ. ರಸೀದಿ ಕಳೆದರೂ ಖತಾವಣಿಯಲ್ಲಿ ಜಮಾ ಇದ್ದರೆ ಲೆಕ್ಕ ಸರಿಹೋಗುತ್ತದೆ. ಖತಾವಣಿಯಲ್ಲಿ ಹೆಸರೇ ಇಲ್ಲದಿದ್ದರೆ ರಸೀದಿ ಹಿಡಿದು ಎಷ್ಟು ವಾದಿಸಿದರೂ ಮುನೀಮ ತಲೆ ಎತ್ತಿ ನೋಡುವುದಿಲ್ಲ. ಮತಗಟ್ಟೆಯಲ್ಲಿಯೂ ಹಾಗೆಯೇ. ಕಾರ್ಡ್ ಇಲ್ಲದಿದ್ದರೆ ಆಯೋಗ ಒಪ್ಪುವ ಬೇರೆ ದಾಖಲೆಗಳಿವೆ: ಆಧಾರ್, ಪಾನ್ ಕಾರ್ಡ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್, ಭಾವಚಿತ್ರವಿರುವ ಪಿಂಚಣಿ ದಾಖಲೆ, ಉದ್ಯೋಗ ಖಾತರಿ ಕಾರ್ಡ್, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಹೀಗೆ. ಇವುಗಳಲ್ಲಿ ಒಂದನ್ನು ತೋರಿಸಿ ಮತ ಹಾಕಬಹುದು. ಆದರೆ ಕಾರ್ಡ್ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದವನು ಮತ ಹಾಕಲಾರ. ಮನೆಗೆ ತಂದುಕೊಡುವ ಮತದಾರರ ಚೀಟಿಯೊಂದೇ ಸಾಕು ಎಂಬ ನಂಬಿಕೆಯೂ ಹಲವರಲ್ಲಿದೆ. 2019ರಿಂದ ಆ ಚೀಟಿಯನ್ನು ಗುರುತಿನ ದಾಖಲೆಯಾಗಿ ಒಪ್ಪುವುದಿಲ್ಲ. ಮತಗಟ್ಟೆ ಯಾವುದು, ಕ್ರಮಸಂಖ್ಯೆ ಎಷ್ಟು ಎಂದು ತಿಳಿಯಲು ಮಾತ್ರ ಅದು ಉಪಯೋಗ.

ಭಾವಚಿತ್ರವಿರುವ ಈ ಕಾರ್ಡನ್ನು ದೇಶಕ್ಕೆ ಕೊಟ್ಟವರು ಟಿ.ಎನ್. ಶೇಷನ್. 1993ರಲ್ಲಿ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಇದು ಶುರುವಾಯಿತು. ಅದಕ್ಕೂ ಮೊದಲು ಮತಗಟ್ಟೆಯಲ್ಲಿ ಏಜೆಂಟರು ಮುಖ ನೋಡಿ ‘ಹೌದು, ಇವರೇ’ ಎಂದರೆ ಆಯಿತು. ಬೆಳಗ್ಗೆ ಎಂಟಕ್ಕೆ ಹೋದವರಿಗೆ ‘ನಿಮ್ಮ ಓಟು ಆಗಿಹೋಗಿದೆ’ ಎಂಬ ಉತ್ತರ ಸಿಗುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಬಲ್ಲರು. ಆ ಕಳ್ಳಮತವನ್ನು ಕಡಿಮೆ ಮಾಡಿದ್ದು ಈ ಕಾರ್ಡ್. ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈಗ ಚರ್ಚೆ ಕಾರ್ಡಿನಿಂದ ಪಟ್ಟಿಯತ್ತ ಸರಿದಿದೆ. ಅದಕ್ಕೆ ಕಾರಣ 2025ರಲ್ಲಿ ಬಿಹಾರದಿಂದ ಶುರುವಾದ ವಿಶೇಷ ತೀವ್ರ ಪರಿಷ್ಕರಣೆ. ಪತ್ರಿಕೆಗಳಲ್ಲಿ ‘ಎಸ್‌ಐಆರ್’ ಎಂದು ಬರುವುದು ಇದೇ.

ಬಿಹಾರದಲ್ಲಿ ಏನಾಯಿತು ಎಂಬುದನ್ನು ಎಲ್ಲರೂ ಒಮ್ಮೆ ಗಮನವಿಟ್ಟು ನೋಡಬೇಕು. 2025ರ ಜೂನ್ 24ರಂದು ಆಯೋಗ ಆದೇಶ ಹೊರಡಿಸಿತು. ಪ್ರತಿ ಮತದಾರನೂ ಗಣತಿ ನಮೂನೆ ತುಂಬಿ ಸಹಿ ಮಾಡಿ ಕೊಡಬೇಕು. ಹಿಂದಿನ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ಹೆಸರಿಲ್ಲದವರು ದಾಖಲೆ ಒದಗಿಸಬೇಕು. ಆಯೋಗ ಪಟ್ಟಿ ಮಾಡಿದ 11 ದಾಖಲೆಗಳಲ್ಲಿ ಅದರದೇ ಗುರುತಿನ ಚೀಟಿ ಇರಲಿಲ್ಲ! ಸುಪ್ರೀಂ ಕೋರ್ಟ್ ಪ್ರಶ್ನೆ ಮಾಡಿದಾಗ ಆಯೋಗ ಕೊಟ್ಟ ಉತ್ತರ ಹೀಗೆ: ಕಾರ್ಡ್ ತಯಾರಾಗಿದ್ದು ಪಟ್ಟಿಯ ಆಧಾರದ ಮೇಲೆ, ಈಗ ಪರಿಶೀಲನೆ ನಡೆಯುತ್ತಿರುವುದು ಅದೇ ಪಟ್ಟಿಯದು, ಹಾಗಿರುವಾಗ ಕಾರ್ಡನ್ನೇ ಸಾಕ್ಷಿಯಾಗಿ ಹಿಡಿಯುವುದು ಹೇಗೆ? ವಾದದಲ್ಲಿ ಲೆಕ್ಕ ತಪ್ಪಿಲ್ಲ. ಖತಾವಣಿ ಸರಿಯಿದೆಯೇ ಎಂದು ನೋಡಲು ಅದೇ ಖತಾವಣಿಯಿಂದ ಹರಿದುಕೊಟ್ಟ ರಸೀದಿ ಸಾಲದು. ಆದರೂ ಮೂವತ್ತು ವರ್ಷ ‘ಇದನ್ನು ಜೋಪಾನವಾಗಿಟ್ಟುಕೊಳ್ಳಿ’ ಎಂದು ಹೇಳಿ ಕೊಟ್ಟ ಕಾರ್ಡ್ ಒಂದು ದಿನ ಸಾಕಾಗುವುದಿಲ್ಲ ಎಂದರೆ ಸಾಮಾನ್ಯ ಮನುಷ್ಯ ಏನು ತಿಳಿಯಬೇಕು ಎಂಬ ಪ್ರಶ್ನೆ ನನ್ನಲ್ಲಿ ಉಳಿದೇ ಇದೆ. ಕೊನೆಗೆ 2025ರ ಸೆಪ್ಟೆಂಬರ್ 8ರಂದು ನ್ಯಾಯಾಲಯ ಆಧಾರನ್ನು ಹನ್ನೆರಡನೆಯ ದಾಖಲೆಯಾಗಿ ಒಪ್ಪಬೇಕೆಂದು ಹೇಳಿತು. ಅದೂ ಗುರುತಿಗೆ ಮಾತ್ರ, ಪೌರತ್ವಕ್ಕೆ ಅಲ್ಲ.

ಬಿಹಾರದ ಕರಡು ಪಟ್ಟಿ ಆಗಸ್ಟ್ 1ರಂದು ಬಂದಾಗ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಆಯೋಗ ಹೇಳಿದ ಕಾರಣಗಳು: ಸುಮಾರು 22 ಲಕ್ಷ ಮಂದಿ ತೀರಿಕೊಂಡವರು, ಸುಮಾರು 36 ಲಕ್ಷ ಮಂದಿ ಊರು ಬಿಟ್ಟವರು ಅಥವಾ ಸಿಗದವರು, ಸುಮಾರು 7 ಲಕ್ಷ ಮಂದಿ ಒಂದಕ್ಕಿಂತ ಹೆಚ್ಚು ಕಡೆ ಹೆಸರಿದ್ದವರು. ಬಿಟ್ಟುಹೋದವರ ಹೆಸರನ್ನು ಕಾರಣ ಸಹಿತ ಪ್ರಕಟಿಸಬೇಕೆಂದು ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಬೇಕಾಯಿತು. ಈ ಕೆಲಸ ಸರಿಯೋ ತಪ್ಪೋ ಎಂಬ ರಾಜಕೀಯ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಪಕ್ಷಗಳು ಅದನ್ನು ಸಾಕಷ್ಟು ಮಾಡುತ್ತಿವೆ. ನನ್ನ ಗಮನ ಹೋದದ್ದು ಎರಡನೆಯ ಮತ್ತು ಮೂರನೆಯ ಕಾರಣಗಳ ಮೇಲೆ. ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು. ಈ ಎರಡು ಸಾಲಿನಲ್ಲಿ ನಮ್ಮ ಸಮಾಜದ ವ್ಯಾಪಾರಿ ಕುಟುಂಬಗಳು ನಿಂತಷ್ಟು ಗಟ್ಟಿಯಾಗಿ ಬೇರೆ ಯಾರು ನಿಂತಿದ್ದಾರೆ?

ನಮ್ಮ ಹುಬ್ಬಳ್ಳಿಯನ್ನೇ ತೆಗೆದುಕೊಳ್ಳಿ, ಬೆಂಗಳೂರಿನ ಚಿಕ್ಕಪೇಟೆಯನ್ನೇ ತೆಗೆದುಕೊಳ್ಳಿ. ಪಾಲಿ, ಜಾಲೋರ್, ಸಿರೋಹಿ, ಬಾಡ್ಮೇರ್ ಕಡೆಯಿಂದ ಅಜ್ಜನ ಕಾಲದಲ್ಲಿ ಬಂದು ನೆಲೆಸಿದ ಮನೆತನಗಳು ಎಷ್ಟೋ ಇವೆ. ಮಕ್ಕಳು ಇಲ್ಲಿಯೇ ಹುಟ್ಟಿದವರು, ಕನ್ನಡ ಶಾಲೆಯಲ್ಲಿ ಓದಿದವರು. ಆದರೆ ಊರಲ್ಲಿ ಹವೇಲಿ ಇದೆ, ದೊಡ್ಡಪ್ಪನ ಕುಟುಂಬ ಇದೆ, ಅಲ್ಲಿಯ ಪಟ್ಟಿಯಲ್ಲಿ ಹೆಸರೂ ಇದೆ. ಇತ್ತ ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಭಾಗದ ನಮ್ಮ ದಿಗಂಬರ ಕುಟುಂಬಗಳಿಗೆ ಸಾಂಗ್ಲಿ, ಕೊಲ್ಹಾಪುರ, ಇಚಲಕರಂಜಿಯಲ್ಲಿ ಹೊಲ, ಮನೆ, ಬೀಗರು. ಮೂಡುಬಿದಿರೆ, ಕಾರ್ಕಳ, ಬೆಳ್ತಂಗಡಿಯ ಹುಡುಗರು ಬೆಂಗಳೂರು, ಮುಂಬೈನಲ್ಲಿ. ಎಲ್ಲರಿಗೂ ಎರಡು ಊರು. ಎರಡು ಊರು ಇರುವುದು ಪುಣ್ಯ. ಎರಡು ಕಡೆ ಓಟು ಇರುವುದು ಅಪರಾಧಕ್ಕೆ ದಾರಿ.

ಕಾನೂನು ಇದರಲ್ಲಿ ಸ್ಪಷ್ಟವಾಗಿದೆ. 1950ರ ಜನಪ್ರತಿನಿಧಿ ಕಾಯ್ದೆಯ 17ನೇ ಕಲಂ ಪ್ರಕಾರ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಇರಬಾರದು. 18ನೇ ಕಲಂ ಪ್ರಕಾರ ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರಬಾರದು. 31ನೇ ಕಲಂ ಪ್ರಕಾರ ಈ ವಿಷಯದಲ್ಲಿ ಸುಳ್ಳು ಘೋಷಣೆ ಮಾಡಿದರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ‘ಊರಲ್ಲಿ ನನ್ನ ಮನೆ ಇದೆಯಲ್ಲ’ ಎನ್ನುವವರಿಗೆ 20ನೇ ಕಲಂ ಉತ್ತರ ಕೊಡುತ್ತದೆ: ಒಂದು ಊರಿನಲ್ಲಿ ಮನೆಯ ಒಡೆತನ ಇದೆ ಎಂಬ ಕಾರಣಕ್ಕಷ್ಟೇ ಅಲ್ಲಿಯ ಸಾಮಾನ್ಯ ನಿವಾಸಿ ಎನಿಸುವುದಿಲ್ಲ. ಹಾಗೆಯೇ ಕೆಲವು ತಿಂಗಳು ಊರಲ್ಲಿ ಇಲ್ಲದ ಮಾತ್ರಕ್ಕೆ ನಿವಾಸ ತಪ್ಪಿಹೋಗುವುದೂ ಇಲ್ಲ. ಸಂಸಾರ ಎಲ್ಲಿದೆ, ವರ್ಷದ ಹೆಚ್ಚು ದಿನ ಎಲ್ಲಿ ಮಲಗಿ ಏಳುತ್ತೀರಿ ಎಂಬುದೇ ಲೆಕ್ಕ.

ಆದರೆ ಅಪಾಯ ಬರುವುದು ಬೇಕೆಂದು ಮಾಡಿದ ಕಳ್ಳತನದಿಂದಲ್ಲ, ಪ್ರೀತಿಯಿಂದ. ಪರಿಷ್ಕರಣೆಯ ಎರಡನೇ ಹಂತ 2025ರ ಅಕ್ಟೋಬರ್ 27ರಂದು ಘೋಷಣೆಯಾಯಿತು. ನವೆಂಬರ್ 4ರಿಂದ ಮನೆಮನೆಗೆ ನಮೂನೆ ಹಂಚಿದರು. ಆ ಹನ್ನೆರಡು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ತಮಿಳುನಾಡು, ಕೇರಳ, ಗೋವಾ ಇದ್ದವು. ಗಣತಿ ನಮೂನೆಗೆ ಮನೆಯ ವಯಸ್ಕ ಸದಸ್ಯರೊಬ್ಬರು ಇನ್ನೊಬ್ಬರ ಪರವಾಗಿ ಸಹಿ ಮಾಡಬಹುದು. ಊರಲ್ಲಿದ್ದ ದೊಡ್ಡಪ್ಪನ ಮಗ, ‘ಭಾಯಿಯ ಹೆಸರು ಹೋಗಿಬಿಡುತ್ತದೆ’ ಎಂಬ ಕಾಳಜಿಯಿಂದ ಹುಬ್ಬಳ್ಳಿಯಲ್ಲಿರುವ ತಮ್ಮನ ನಮೂನೆಗೂ ಸಹಿ ಹಾಕಿ ಕೊಡುತ್ತಾನೆ. ತಮ್ಮನಿಗೆ ಗೊತ್ತೇ ಇಲ್ಲ, ಅಥವಾ ಫೋನಿನಲ್ಲಿ ‘ಹಾಂ, ಹಾಕಿಬಿಡು’ ಎಂದು ಹೇಳಿ ಗಿರಾಕಿಯ ಕಡೆ ತಿರುಗಿರುತ್ತಾನೆ. ಕಾಗದದ ಮೇಲೆ ಈಗ ಅವನು ರಾಜಸ್ಥಾನದ ನಿವಾಸಿ. ನಾಳೆ ಇಲ್ಲಿ ಬಿಎಲ್‌ಒ ಬಂದಾಗ ಇಲ್ಲಿಯೂ ಸಹಿ ಮಾಡಿದರೆ ಎರಡು ಘೋಷಣೆ ಆಯಿತು. ಎಲ್ಲಾ ರಾಜ್ಯಗಳ ಪಟ್ಟಿ ಗಣಕಯಂತ್ರದಲ್ಲಿ ಒಂದೇ ಕಡೆ ಸೇರುತ್ತಿರುವ ಈ ಕಾಲದಲ್ಲಿ ಇದು ಹೊರಬೀಳುವುದಿಲ್ಲ ಎಂದು ನಂಬುವುದು ಕಷ್ಟ.

ಎರಡನೇ ಹಂತದಲ್ಲಿ ಕರ್ನಾಟಕ ಇರಲಿಲ್ಲ. ಆದರೆ ಜೂನ್ 24ರ ಆದೇಶ ಇಡೀ ದೇಶಕ್ಕೆ ಸಂಬಂಧಿಸಿದ್ದು. ನಮ್ಮ ರಾಜ್ಯದಲ್ಲಿ ತಾಳೆ ನೋಡುವ ಹಳೆಯ ಪಟ್ಟಿ 2002ರದು. ಆ ಪಟ್ಟಿಯಲ್ಲಿ ತಮ್ಮ ಹೆಸರು, ಇಲ್ಲದಿದ್ದರೆ ತಂದೆ ತಾಯಿಯ ಹೆಸರು ಯಾವ ಕ್ಷೇತ್ರದ ಯಾವ ಭಾಗದಲ್ಲಿದೆ ಎಂದು ಈಗಲೇ ಹುಡುಕಿ ಬರೆದಿಟ್ಟುಕೊಂಡರೆ ಆಮೇಲೆ ಓಡಾಟ ತಪ್ಪುತ್ತದೆ. 2002ರಲ್ಲಿ ಬೇರೆ ಓಣಿಯಲ್ಲಿ ಬಾಡಿಗೆಗೆ ಇದ್ದವರು ಈಗಿನ ಮನೆಯ ಭಾಗದಲ್ಲಿ ಹುಡುಕಿ ‘ಇಲ್ಲ’ ಎಂದು ಕೈಚೆಲ್ಲುತ್ತಾರೆ. ಹುಡುಕಬೇಕಾದ್ದು ಆಗ ಇದ್ದ ಓಣಿಯಲ್ಲಿ.

ಹಾಗಾದರೆ ಎಲ್ಲಿ ಇಟ್ಟುಕೊಳ್ಳಬೇಕು? ಊರಿನ ಸೆಳೆತ ನನಗೆ ತಿಳಿಯದ್ದಲ್ಲ. ಊರ ಪಂಚಾಯಿತಿಗೆ ನಮ್ಮವನೊಬ್ಬ ನಿಂತರೆ ನಾಲ್ಕು ಓಟು ಬೀಳಲಿ ಎಂಬ ಆಸೆ ಸಹಜ. ಆದರೆ ಮನೆ ಮುಂದಿನ ಚರಂಡಿ ಕಟ್ಟಿಕೊಂಡರೆ ಫೋನ್ ಮಾಡುವುದು ಯಾವ ಊರಿನ ಸದಸ್ಯನಿಗೆ? ಮಾರುಕಟ್ಟೆಯ ರಸ್ತೆ ಅಗೆದು ಆರು ತಿಂಗಳು ಬಿಟ್ಟಾಗ ವ್ಯಾಪಾರ ಹಾಳಾಗುವುದು ಎಲ್ಲಿ? ಟ್ರೇಡ್ ಲೈಸೆನ್ಸ್ ಕೊಡುವವರು ಯಾರು? ನಾವು ಇಲ್ಲಿ ತೆರಿಗೆ ಕಟ್ಟುತ್ತೇವೆ, ಇಲ್ಲಿಯ ಅಧಿಕಾರಿಗಳ ಬಳಿ ಮನವಿ ಹಿಡಿದು ಹೋಗುತ್ತೇವೆ, ಚುನಾವಣೆ ಬಂದಾಗ ಮಾತ್ರ ‘ನಮ್ಮ ಓಟು ಊರಲ್ಲಿದೆ’ ಎನ್ನುತ್ತೇವೆ. ಹಾಗೆ ಹೇಳುವವರ ಮಾತಿಗೆ ಇಲ್ಲಿಯ ಪ್ರತಿನಿಧಿ ಬೆಲೆ ಕೊಡಬೇಕಾದ ಅಗತ್ಯವಾದರೂ ಏನು? 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ನೂರಕ್ಕೆ ಸುಮಾರು 73 ಮಂದಿ ಮತ ಹಾಕಿದರೆ ಬೆಂಗಳೂರು ನಗರದಲ್ಲಿ ಅರ್ಧವನ್ನು ಸ್ವಲ್ಪವೇ ದಾಟಿತು. ನಗರದವರ ಸೋಮಾರಿತನ ಎಂದು ಬೈಯುವುದು ವಾಡಿಕೆ. ಅದರಲ್ಲಿ ಒಂದು ಪಾಲು ಬೇರೆ ಊರಿಗೆ ಹೋದವರ, ಎರಡು ಕಡೆ ಹೆಸರಿದ್ದವರ, ಮನೆ ಬದಲಿಸಿ ಹೆಸರು ಬದಲಿಸದವರ ಲೆಕ್ಕವೂ ಇರಬೇಕು ಎಂದು ನನ್ನ ಅಂದಾಜು.

ಇರುವ ಕಡೆಗೆ ಹೆಸರು ತರುವುದು ಹಿಂದಿನಷ್ಟು ಕಷ್ಟವಿಲ್ಲ. 2022ರ ಆಗಸ್ಟ್ 1ರಿಂದ ನಮೂನೆಗಳು ಬದಲಾಗಿವೆ. ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ ನಮೂನೆ 6. ಮನೆ ಬದಲಾವಣೆ, ತಿದ್ದುಪಡಿ, ಕಳೆದ ಅಥವಾ ಹಾಳಾದ ಕಾರ್ಡಿಗೆ ಬದಲಿ, ಇವೆಲ್ಲಕ್ಕೂ ಒಂದೇ ನಮೂನೆ 8. ರಾಜ್ಯ ದಾಟಿ ಬಂದವರಿಗೂ ಅದೇ. ಎಪಿಕ್ ನಂಬರ್ ಹಳೆಯದೇ ಇರುತ್ತದೆ. ಇದನ್ನು ತಿಳಿಯದೆ ಇಲ್ಲಿ ಹೊಸದಾಗಿ ನಮೂನೆ 6 ತುಂಬುವವರು ತಮ್ಮ ಕೈಯಾರೆ ಎರಡನೇ ನಂಬರ್ ಹುಟ್ಟಿಸಿಕೊಳ್ಳುತ್ತಾರೆ. ನಮೂನೆ 6ರಲ್ಲಿ ‘ನನ್ನ ಹೆಸರು ಬೇರೆಲ್ಲೂ ಇಲ್ಲ’ ಎಂಬ ಅರ್ಥದ ಘೋಷಣೆಗೆ ಸಹಿ ಇರುತ್ತದೆ. ಓದದೆ ಸಹಿ ಮಾಡುವ ನಮ್ಮ ಅಭ್ಯಾಸ ಅಲ್ಲಿ ಮುಳುವಾಗುತ್ತದೆ. ನಂಬರ್ ನೆನಪಿಲ್ಲ, ಕಾರ್ಡ್ ಊರಲ್ಲೆಲ್ಲೋ ಇದೆ ಎನ್ನುವವರು ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು ಹಾಕಿ ಹುಡುಕಬಹುದು, ಇಲ್ಲವೇ 1950ಕ್ಕೆ ಫೋನ್ ಮಾಡಬಹುದು.

ಮನೆಯ ಸೊಸೆಯಂದಿರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ನೋಡಿದ ಮಟ್ಟಿಗೆ ಅತಿ ಹೆಚ್ಚು ಬಿಟ್ಟುಹೋಗುವ ಹೆಸರು ಅವರದೇ. ಮದುವೆಗೆ ಮುಂಚೆ ತವರಿನಲ್ಲಿ ಹೆಸರಿತ್ತು. ಮದುವೆಯಾಗಿ ಹೋದಳೆಂದು ತವರಿನ ಪಟ್ಟಿಯಿಂದ ತೆಗೆಸಿದರು, ಅಥವಾ ತೆಗೆಸದೆ ಬಿಟ್ಟರು. ಗಂಡನ ಮನೆಯಲ್ಲಿ ಆಧಾರ್ ಬದಲಾಯಿತು, ಪಾನ್ ಬದಲಾಯಿತು, ಬ್ಯಾಂಕಿನಲ್ಲಿ ನಾಮಿನಿ ಆಯಿತು. ಓಟಿನ ಹೆಸರನ್ನು ಮಾತ್ರ ‘ಚುನಾವಣೆ ಬಂದಾಗ ನೋಡೋಣ’ ಎಂದು ಮುಂದೆ ಹಾಕಿದರು. ಚುನಾವಣೆ ಬಂದಾಗ ನೋಡಲು ಹೋದರೆ ಆಗಲೇ ತಡವಾಗಿರುತ್ತದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿಗೆ ಹೆಸರು ಸೇರುವುದಿಲ್ಲ. ಅರ್ಜಿಯ ಮೇಲೆ ಆಕ್ಷೇಪಣೆಗೆ ಕಾಲಾವಕಾಶ ಬೇಕಾದ್ದರಿಂದ ಅದಕ್ಕೂ ಸುಮಾರು ಹತ್ತು ದಿನ ಮೊದಲೇ ಅರ್ಜಿ ಒಳಗೆ ಹೋಗಿರಬೇಕು. ನನ್ನ ಅಂಗಡಿಗೆ ಬಂದ ಒಬ್ಬ ತಾಯಿಗೆ ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಎರಡು ಮಕ್ಕಳ ಶಾಲೆಯ ಅರ್ಜಿಯಿಂದ ಹಿಡಿದು ಮಾವನವರ ಆಸ್ಪತ್ರೆಯ ಕಾಗದದವರೆಗೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಮತ ಹಾಕಿರಲಿಲ್ಲ. ‘ಯಾರೂ ಕೇಳಲಿಲ್ಲ ಅಣ್ಣಾ’ ಎಂದರು. ಅವರ ನಮೂನೆ 8 ತುಂಬಲು ಹಿಡಿದದ್ದು ಇಪ್ಪತ್ತು ನಿಮಿಷ.

ಹದಿನೆಂಟು ತುಂಬಿದ ಮಕ್ಕಳಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮೊದಲು ಜನವರಿ 1 ಒಂದೇ ಇತ್ತು. ಫೆಬ್ರುವರಿಯಲ್ಲಿ ಹುಟ್ಟಿದವನು ಸುಮಾರು ವರ್ಷ ಕಾಯಬೇಕಿತ್ತು. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಓದಲು ಬೇರೆ ಊರಿಗೆ ಹೋಗುವ ಮೊದಲೇ ಇದನ್ನು ಮಾಡಿಸಿದರೆ ಒಳ್ಳೆಯದು.

ಇನ್ನು ಹೆಸರು ಸೇರಿದ ಮೇಲಿನ ಮಾತು. ಸೇರಿದ ಹೆಸರು ಅಲ್ಲಿಯೇ ಇರುತ್ತದೆ ಎಂಬ ನಂಬಿಕೆ ಈಗ ಸಾಲದು ಎನ್ನುವುದಕ್ಕೆ ನಮ್ಮ ರಾಜ್ಯದ ಆಳಂದವೇ ಸಾಕ್ಷಿ. ಕಲಬುರಗಿ ಜಿಲ್ಲೆಯ ಈ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಯಬೇಕೆಂದು ನಮೂನೆ 7ರಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾದವು 24 ಮಾತ್ರ. ಉಳಿದ 5,994 ಸುಳ್ಳು ಎಂದು ತಿಳಿಯಿತು. ಅರ್ಜಿದಾರರೆಂದು ಯಾರ ಹೆಸರು ಇತ್ತೋ ಅವರಿಗೇ ಅದರ ಸುದ್ದಿ ಇರಲಿಲ್ಲ. 2023ರ ಫೆಬ್ರುವರಿಯಲ್ಲಿ ಪೊಲೀಸ್ ದೂರು ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ಇದು ದೇಶದ ಮಟ್ಟದ ರಾಜಕೀಯ ವಿವಾದವಾಯಿತು, ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಯಾರು ಮಾಡಿದರು, ಯಾಕೆ ಮಾಡಿದರು ಎಂಬುದನ್ನು ತನಿಖೆ ಹೇಳಲಿ. ಅರ್ಜಿಗಳನ್ನು ಪರಿಶೀಲಿಸಿದ ಕೆಳಹಂತದ ಸಿಬ್ಬಂದಿ ಕಣ್ಣುಮುಚ್ಚಿ ಒಪ್ಪಲಿಲ್ಲ, ಅದಕ್ಕೇ ಹೆಸರುಗಳು ಉಳಿದವು; ಈ ಮಾತನ್ನು ಯಾರೂ ಹೆಚ್ಚು ಹೇಳುವುದಿಲ್ಲ, ನಾನು ಹೇಳುತ್ತೇನೆ. ಇದಾದ ಮೇಲೆ ಆನ್‌ಲೈನ್ ಅರ್ಜಿಗೆ ಆಧಾರ್‌ಗೆ ಸೇರಿದ ಮೊಬೈಲಿನ ಒಟಿಪಿ ಮೂಲಕ ಇ-ಸಹಿ ಬೇಕೆಂಬ ವ್ಯವಸ್ಥೆ ಬಂದಿದೆ.

ಒಂದು ವೇಳೆ ಹೆಸರು ಹೋದರೆ ಸುಮ್ಮನಿರಬೇಕಾಗಿಲ್ಲ. ಸತ್ತಿದ್ದಾನೆ, ಇಲ್ಲಿ ವಾಸವಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು ಎಂದು ಕಾಯ್ದೆಯ 22ನೇ ಕಲಂ ಹೇಳುತ್ತದೆ. ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಇದೆ. ಜಿಎಸ್‌ಟಿ ನೋಟಿಸಿಗೆ ಹದಿನೈದು ದಿನದಲ್ಲಿ ಉತ್ತರ ಕೊಡುವ ನಮಗೆ ಇದೇನು ಹೊಸ ವಿದ್ಯೆಯಲ್ಲ.

ಮನೆ ಬಾಗಿಲಿಗೆ ಬಂದವರೆಲ್ಲ ಬಿಎಲ್‌ಒ ಅಲ್ಲ ಎಂಬ ಎಚ್ಚರವೂ ಬೇಕು. 2022ರಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಯ ಹೆಸರಿನಲ್ಲಿ ಖಾಸಗಿ ಸಂಸ್ಥೆಯೊಂದರ ಕಡೆಯವರು ಬಿಎಲ್‌ಒ ಎಂಬ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದರು ಎಂಬ ಆರೋಪ ಎದ್ದು ದೊಡ್ಡ ಸುದ್ದಿಯಾಗಿತ್ತು. ನಿಮ್ಮ ಭಾಗದ ಬಿಎಲ್‌ಒ ಯಾರು ಎಂದು ಪೋರ್ಟಲ್‌ನಲ್ಲಿ ನೋಡಬಹುದು. ಹೆಚ್ಚಾಗಿ ಅವರು ಶಾಲೆಯ ಶಿಕ್ಷಕರು ಅಥವಾ ಅಂಗನವಾಡಿ ಕಾರ್ಯಕರ್ತೆಯರು. ತಮ್ಮ ಕೆಲಸ ಮುಗಿಸಿ ಬಿಸಿಲಲ್ಲಿ ಓಡಾಡುವವರು. ಅವರು ಬಂದಾಗ ‘ಯಜಮಾನರು ಅಂಗಡಿಗೆ ಹೋಗಿದ್ದಾರೆ, ಆಮೇಲೆ ಬನ್ನಿ’ ಎಂದು ಗೇಟಿನಿಂದಲೇ ಕಳಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಮೂರು ಸಲ ಬಂದು ಬಾಗಿಲು ಹಾಕಿದ್ದನ್ನು ಕಂಡವರು ‘ವಾಸವಿಲ್ಲ’ ಎಂದು ಬರೆದರೆ ಯಾರನ್ನು ದೂರುವುದು? ನೀರು ಕೊಟ್ಟು ಕೂರಿಸಿ, ಐದು ನಿಮಿಷ ಮಾತಾಡಿ.

ಇಲಾಖೆಯ ಕಡೆಯೂ ಕೊರತೆ ಇದೆ. ಪಟ್ಟಿಯಲ್ಲಿ ಹೆಸರು ಸೇರಿದ ಅಥವಾ ತಿದ್ದುಪಡಿಯಾದ 15 ದಿನದೊಳಗೆ ಕಾರ್ಡ್ ಅಂಚೆಯಲ್ಲಿ ತಲುಪಬೇಕು, ಪ್ರತಿ ಹಂತದಲ್ಲಿ ಮೊಬೈಲಿಗೆ ಸಂದೇಶ ಬರಬೇಕು ಎಂದು 2025ರ ಜೂನ್‌ನಲ್ಲಿ ಆಯೋಗ ಪ್ರಕಟಿಸಿದೆ. ಒಳ್ಳೆಯ ಮಾತು. ಆದರೆ ನಾನು ಅರ್ಜಿ ಹಾಕಿಸಿದವರಲ್ಲಿ ಕೆಲವರು ಕಾರ್ಡಿಗಾಗಿ ತಿಂಗಳುಗಟ್ಟಲೆ ಕಾದಿದ್ದಾರೆ. ಕನ್ನಡದಲ್ಲಿ ಹೆಸರು ಬರುವ ಚೆಂದವನ್ನಂತೂ ಕೇಳಬೇಡಿ. ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ್ದನ್ನು ಯಂತ್ರ ಕನ್ನಡಕ್ಕೆ ತಿರುಗಿಸಿದಾಗ ಪಾಟೀಲರು ‘ಪತಿಲ್’ ಆಗುತ್ತಾರೆ, ಶಾಂತಿನಾಥ ‘ಶಂತಿನಥ’ ಆಗುತ್ತಾನೆ. ಅರ್ಜಿಯನ್ನು ಕಳಿಸುವ ಮುನ್ನ ಕನ್ನಡದ ಕಾಲಂ ಒಮ್ಮೆ ಓದಿದರೆ ಇದು ಅಲ್ಲಿಯೇ ಸರಿಹೋಗುತ್ತದೆ. ಆದರೂ ಹೆದರಬೇಕಾಗಿಲ್ಲ, ವ್ಯಕ್ತಿಯ ಗುರುತು ಸ್ಪಷ್ಟವಾಗಿದ್ದರೆ ಕಾರ್ಡಿನಲ್ಲಿರುವ ಸಣ್ಣಪುಟ್ಟ ಅಕ್ಷರದೋಷವನ್ನು ಲೆಕ್ಕಿಸಬಾರದೆಂದು ಆಯೋಗದ ಸೂಚನೆ ಇದೆ. ಬೇರೆ ಕ್ಷೇತ್ರದಲ್ಲಿ ಕೊಟ್ಟ ಹಳೆಯ ಕಾರ್ಡನ್ನೂ ಒಪ್ಪುತ್ತಾರೆ, ಆ ಮತಗಟ್ಟೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಇದ್ದರೆ. ಮತ್ತೆ ಅದೇ ಪಟ್ಟಿ.

ಹಲವರು ಕೇಳುವ ಇನ್ನೆರಡು ಸಂಗತಿ. ವಿದೇಶದಲ್ಲಿ ಇದ್ದು ಭಾರತದ ಪೌರತ್ವ ಉಳಿಸಿಕೊಂಡವರು ನಮೂನೆ 6ಎ ಮೂಲಕ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಸೇರಬಹುದು. ಅವರಿಗೆ ಕಾರ್ಡ್ ಕೊಡುವುದಿಲ್ಲ, ಮೂಲ ಪಾಸ್‌ಪೋರ್ಟ್ ತೋರಿಸಿ ಇಲ್ಲಿಗೇ ಬಂದು ಮತ ಹಾಕಬೇಕು. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಪಟ್ಟಿಯೇ ಬೇರೆ. ಕೈಯಲ್ಲಿ ಕಾರ್ಡ್ ಇದ್ದರೂ ಪದವೀಧರರು ಪ್ರತಿ ಚುನಾವಣೆಗೆ ಹೊಸದಾಗಿ ನಮೂನೆ 18 ಕೊಡಬೇಕು.

ಮನೆಯ ಹಿರಿಯರಿಗೆ 85 ದಾಟಿದ್ದರೆ, ಅಥವಾ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದರೆ, ನಮೂನೆ 12ಡಿ ಕೊಟ್ಟು ಮನೆಯಲ್ಲಿಯೇ ಮತ ಹಾಕಬಹುದು. ಚುನಾವಣೆಯ ಅಧಿಸೂಚನೆ ಬಂದ ಐದು ದಿನದೊಳಗೆ ಕೊಡಬೇಕು ಎಂಬುದನ್ನು ಮಕ್ಕಳು ನೆನಪಿಡಬೇಕು.

ಅರ್ಜಿ ತುಂಬಿಸಲು ನನ್ನ ಬಳಿ ಬರುವವರು ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಬನ್ನಿ. ಹೊಸಬರು ಒಂದು ಭಾವಚಿತ್ರ, ಹುಟ್ಟಿದ ದಿನಾಂಕಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ, ವಿಳಾಸಕ್ಕೆ ಆಧಾರ್ ಇಲ್ಲವೇ ಮನೆಯ ಕರೆಂಟ್ ಬಿಲ್, ಪಕ್ಕದ ಮನೆಯವರ ಅಥವಾ ಮನೆಯವರೊಬ್ಬರ ಎಪಿಕ್ ನಂಬರ್ ತನ್ನಿ. ಮನೆ ಬದಲಿಸಿದವರು ಹಳೆಯ ಕಾರ್ಡ್ ಹರಿದಿದ್ದರೂ ತನ್ನಿ, ನಂಬರ್ ಓದಲು ಬಂದರೆ ಸಾಕು. ರಾಜಸ್ಥಾನ, ಗುಜರಾತ್ ಕಡೆ ಹೆಸರಿರುವವರು ಬರುವ ಮುನ್ನ ಊರಿಗೆ ಒಂದು ಫೋನ್ ಮಾಡಿ, ಗಣತಿ ನಮೂನೆಗೆ ನಿಮ್ಮ ಪರವಾಗಿ ಯಾರಾದರೂ ಸಹಿ ಹಾಕಿದ್ದಾರೆಯೇ ಎಂದು ಕೇಳಿಕೊಂಡು ಬನ್ನಿ. ಒಟಿಪಿ ಬರುವ ಫೋನು ಕೈಯಲ್ಲಿರಲಿ, ಚಾರ್ಜ್ ಇರಲಿ.